ಸಂಜೆ ಆರರ ಹದ

ಕಚೇರಿಗೆ ಬೇಕಾಗಿರುವುದು ನಿಮ್ಮ ಹೊತ್ತಲ್ಲ, ನಿಮ್ಮ ಕೆಲಸ ಎಂದು ಭಾಷಣ ಮಾಡಿದವರು ಬಹಳ ಮಂದಿ. ಭಾಷಣ ಮುಗಿಸಿ, ಮರುದಿನ ಬೆಳಿಗ್ಗೆ ಹತ್ತಕ್ಕೆ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದವರೂ ಅವರೇ. ಅದನ್ನು ನಿಜವಾಗಿ ಮಾಡಿ ತೋರಿಸಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದ್ದ ಒಂದು ವಿಮಾ ಕಂಪನಿ. ಅದೂ ಹದಪಟ್ಟಿ ಎಂಬ ಸಾಧನ ಕೈಗೆ ಬಂದ ಮೇಲೆ.

ಹದಪಟ್ಟಿ ಅಂಥ ದೊಡ್ಡ ವಸ್ತುವೇನಲ್ಲ. ಕೂದಲೊಳಗೆ ಅಡಗಿಕೊಳ್ಳುವ ತೆಳ್ಳನೆಯ ಪಟ್ಟಿ, ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಕ್ಕೆ. ಮನಸ್ಸು ಒಂದು ಕಡೆ ಪೂರ್ತಿ ನೆಟ್ಟಾಗ ಮಿದುಳಿನ ವಿದ್ಯುತ್ ಅಲೆಗಳು ಒಂದು ಲಯಕ್ಕೆ ಬರುತ್ತವೆ. ಪಟ್ಟಿ ಆ ಲಯವನ್ನು ಓದಿ ಗೆರೆ ಎಳೆಯುತ್ತದೆ. ನೀವು ಏನು ಯೋಚಿಸುತ್ತಿದ್ದೀರಿ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಒಲೆಯ ಮೇಲಿನ ಬೆಲ್ಲದ ಪಾಕ ಎಳೆ ಬಂತೋ ಇಲ್ಲವೋ ಎಂದು ನೋಡಿದ ಹಾಗೆ, ಮನಸ್ಸು ಹದಕ್ಕೆ ಬಂತೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಯಾರಿಗೇ ಆಗಲಿ, ದಿನಕ್ಕೆ ಎರಡು ಎರಡೂವರೆ ತಾಸು ಮಾತ್ರ ಮನಸ್ಸು ಗಟ್ಟಿ ಹದದಲ್ಲಿರುತ್ತದೆ, ಉಳಿದ ಹೊತ್ತು ಕುರ್ಚಿ ಬಿಸಿ ಮಾಡುವುದಷ್ಟೇ ಎಂದು ಅದರಿಂದ ಗೊತ್ತಾಯಿತು. ಹಾಗಾದರೆ ಅಷ್ಟೇ ಹೊತ್ತು ಬನ್ನಿ, ಕಡತ ಮುಗಿಸಿ, ಮನೆಗೆ ಹೋಗಿ ಎಂದಿತು ಕಂಪನಿ.

ಯಾರ ಹದ ಯಾವ ಹೊತ್ತಿಗೆ ಎಂದು ನೋಡಿ ವೇಳಾಪಟ್ಟಿ ಹಾಕುವ ಕೋಣೆಯ ಯಜಮಾನಿ ಮಂದಾಕಿನಿ ಬಡಿಗೇರ. ಮಂದಾ ಎಂದರೆ ಕಚೇರಿಯಲ್ಲೆಲ್ಲ ಗೊತ್ತು. ಎಲ್ಲರಂತೆ ಅವಳ ಪಾಲಿಗೂ ಆಸ್ಪತ್ರೆ ಬಿಲ್ಲುಗಳ ಕಡತ ಇರುತ್ತಿದ್ದವು. ಗೋಡೆ ತುಂಬ ಪರದೆ, ಪರದೆ ತುಂಬ ಗೆರೆಗಳು, ಒಂದೊಂದು ಗೆರೆಗೂ ಒಬ್ಬೊಬ್ಬ ನೌಕರ. ಮಂದಾಗೆ ಈ ಕೋಣೆಯ ಮೇಲೆ ಅಭಿಮಾನವಿತ್ತು, ಸ್ವಲ್ಪ ಜಂಬವೂ ಇತ್ತು. ಸುಳ್ಳು ಯಾಕೆ ಹೇಳಬೇಕು.

ಯೋಜನೆ ಶುರುವಾಗುವ ಮುನ್ನ, ಬೇಸಿಗೆಯಲ್ಲಿ, ಒಂದು ಅಳತೆ ವಾರ ನಡೆಯಿತು. ಎಲ್ಲರೂ ಪಟ್ಟಿಯನ್ನು ಹಗಲೂ ಸಂಜೆಯೂ, ಕಚೇರಿಯಲ್ಲೂ ಮನೆಯಲ್ಲೂ ಹಾಕಿಕೊಂಡಿರಬೇಕು. ಹೊತ್ತು ಹೊತ್ತಿಗೆ ಏನು ಮಾಡುತ್ತಿದ್ದಿರಿ ಎಂದೂ ಬರೆದು ಕೊಡಬೇಕು ಎನ್ನುವುದು ಮೊದಲ ಆಲೋಚನೆಯಾಗಿತ್ತು. ವಿಮೆಯ ಹಣ ಕೇಳಿ ಬಂದ ಬಿಲ್ಲುಗಳನ್ನು ನೋಡುವ ದಾವೆ ವಿಭಾಗದ ಶಾಹೀನ್ ಮುಲ್ಲಾ ಅದಕ್ಕೆ ಕಿಡಿಕಿಡಿಯಾದಳು. ನಾನು ಮನೆಯಲ್ಲಿ ಮಕ್ಕಳಿಗೆ ಉಣಿಸುತ್ತೇನೋ, ಗಂಡನ ಜತೆ ಜಗಳ ಕಾಯುತ್ತೇನೋ, ಕಂಪನಿಗೆ ಏನು ಕೆಲಸ ಎಂದು ಸಭೆಯಲ್ಲೇ ಕೇಳಿದಳು. ಮಂದಾ ಅವಳ ಪರ ನಿಂತಳು. ಹೊತ್ತು ಮಾತ್ರ ದಾಖಲಾಗಲಿ, ಮನೆಯೊಳಗಿನ ಸಂಗತಿ ಮನೆಯೊಳಗೇ ಇರಲಿ ಎಂದು ಹಟ ಹಿಡಿದು ಗೆದ್ದಳು. ಶಾಹೀನ್ ಆ ದಿನ ತನ್ನ ಡಬ್ಬಿಯ ಶಾವಿಗೆಯಲ್ಲಿ ಅರ್ಧ ಅವಳಿಗೆ ಕೊಟ್ಟಳು. ಆ ಗೆಲುವಿನಲ್ಲೇ ಒಂದು ದೊಡ್ಡ ತಪ್ಪು ಕೂತಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಯೋಜನೆ ಶುರುವಾಯಿತು. ಕಚೇರಿಯ ತಂದೆತಾಯಂದಿರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಶಾಲೆಯ ಗೇಟಿನಲ್ಲಿ ಅಪ್ಪಂದಿರು ಕಾಣಿಸತೊಡಗಿದರು. ಮಧ್ಯಾಹ್ನ ಬಿಸಿ ರೊಟ್ಟಿ ಉಂಡು ಎಷ್ಟೋ ವರ್ಷವಾಗಿದ್ದವರು ಅದನ್ನು ಉಂಡರು. ಆಸ್ಪತ್ರೆಗಳ ಕಾಗದಪತ್ರ ಕಚೇರಿಯಿಂದ ಹೊರಗೆ ಹೋಗಬಾರದೆಂಬ ನಿಯಮವಿದ್ದುದರಿಂದ ಹದದ ಹೊತ್ತಿಗೆ ಬಂದು ಕೂರಲೇಬೇಕಿತ್ತು, ಅಷ್ಟೇ. ಮಂದಾಳ ಹದ ಸಂಜೆ ಆರರಿಂದ ಎಂಟು ಎಂದು ಯಂತ್ರ ಹೇಳಿತ್ತು. ಸಂಜೆ ಹೊತ್ತಾದರೇನು, ಇಡೀ ದಿನ ಕೈಯಲ್ಲಿದೆಯಲ್ಲ ಎಂದು ಅವಳು ಹಿಗ್ಗಿದಳು. ಆ ಇಡೀ ದಿನ ಅವಳಿಗೆ ಬೇಕಾಗಿದ್ದುದು ತುಂಗಾಳಿಗಾಗಿ.

ತುಂಗಾ ಅವಳ ಮಗಳು, ನಾಲ್ಕು ವರ್ಷದವಳು. ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿ ಕಿವಿಯೊಳಗೆ ಯಂತ್ರ ಕೂರಿಸಿದ್ದರು. ಹೊರಗೆ, ಕಿವಿಯ ಹಿಂದೆ ಒಂದು ಪುಟ್ಟ ಸಾಧನ, ತಲೆಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಒಂದು ಬಿಲ್ಲೆ. ಯಂತ್ರ ಸದ್ದನ್ನು ಒಳಗೆ ಮುಟ್ಟಿಸುತ್ತದೆ, ಆದರೆ ಅದು ನಾಯಿಯ ಬೊಗಳೋ ಅವ್ವನ ಕರೆಯೋ ಎಂದು ಮಿದುಳು ಕಲಿಯಬೇಕು. ಕಲಿಯುವ ವಯಸ್ಸು ಇದೇ, ತಡವಾದರೆ ಕಷ್ಟ ಎಂದು ಮಾತು ಕಲಿಸುವ ವತ್ಸಲಾ ಟೀಚರ್ ಮೊದಲ ದಿನವೇ ಹೇಳಿದ್ದರು. ದಿನಾ ಒಂದು ತಾಸು, ತಾಯಿ ಮಗುವಿನ ಬೆನ್ನ ಹಿಂದೆಯೋ ಪಕ್ಕದಲ್ಲೋ ಕೂತು, ತುಟಿ ಕಾಣದಂತೆ ಸೆರಗು ಅಡ್ಡ ಹಿಡಿದು ಮಾತಾಡಬೇಕು. ಆಟದ ಹಾಗೆ ಆಡಿಸಬೇಕು, ಪಾಠದ ಹಾಗೆ ಅಲ್ಲ.

ಯೋಜನೆ ಬರುವ ಮುಂಚೆ ಮಂದಾ ಕಚೇರಿಯಿಂದ ಸಂಜೆ ಓಡೋಡಿ ಬಂದು, ಚಹಾ ಸಹ ಕುಡಿಯದೆ ಈ ಆಟಕ್ಕೆ ಕೂರುತ್ತಿದ್ದಳು. ದಣಿದಿರುತ್ತಿದ್ದಳು, ಅಪರಾಧಿ ಭಾವ ಬೇರೆ. ಈಗ ಆಟವನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟುಕೊಂಡಳು. ಮನೆ ಸ್ತಬ್ಧ, ಅಡುಗೆ ಮುಗಿದಿದೆ, ಯಾರ ಅವಸರವೂ ಇಲ್ಲ. ಒಂದು ತಾಸಿನ ಬದಲು ಎರಡು ತಾಸು ಕೂರಿಸಿದಳು. ತುಂಗಾ ಗೋಡೆ ನೋಡಿದಳು, ಚಾಪೆಯ ಕಡ್ಡಿ ಕಿತ್ತಳು, ಆಕಳಿಸಿದಳು. ಹಟಮಾರಿಯಾಗುತ್ತಿದ್ದಾಳೆ ಎಂದುಕೊಂಡ ಮಂದಾ ಇನ್ನೂ ಅರ್ಧ ತಾಸು ಹೆಚ್ಚಿಸಿದಳು.

ಸಂಜೆ ಆರಕ್ಕೆ ಮನೆಯಲ್ಲಿರುತ್ತಿದ್ದವನು ಗಂಡ ಈರಣ್ಣ. ರೈಲ್ವೆ ವರ್ಕ್‌ಶಾಪಿನವನು, ಅವನ ಕೆಲಸಕ್ಕೆ ಹದವೂ ಇಲ್ಲ, ಪಟ್ಟಿಯೂ ಇಲ್ಲ, ಸೈರನ್ ಕೂಗಿದರೆ ಹೋಗಬೇಕು, ಕೂಗಿದರೆ ಬರಬೇಕು. ಅವನೂ ಮಗಳನ್ನು ಆಡಿಸಲು ನೋಡಿದ. ದಿನವಿಡೀ ಬಡಿತದ ಸದ್ದಿನ ನಡುವೆ ಕೆಲಸ ಮಾಡಿದವನಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿರಲಿಲ್ಲ. ಅವನು ಗಟ್ಟಿಯಾಗಿ ಕೂಗಿದರೆ ಬೀದಿಯೆಲ್ಲ ತಿರುಗುತ್ತಿತ್ತು, ತುಂಗಾ ಒಬ್ಬಳನ್ನು ಬಿಟ್ಟು.

ಮೂರನೇ ತಿಂಗಳಿಗೆ ಕಚೇರಿಯ ಪರದೆಯಲ್ಲಿ ವಿಚಿತ್ರವೊಂದು ಕಾಣಿಸಿತು. ಮಕ್ಕಳಿಲ್ಲದವರ ಗೆರೆಗಳು ಇದ್ದಲ್ಲೇ ಇದ್ದವು. ಸಣ್ಣ ಮಕ್ಕಳಿರುವವರ ಗೆರೆಗಳು ಮಾತ್ರ ಒಂದೊಂದಾಗಿ ತಗ್ಗುತ್ತಿದ್ದವು. ಹದದ ಹೊತ್ತಿಗೇ ಬಂದು ಕೂರುತ್ತಿದ್ದರು, ಹದ ಬರುತ್ತಿರಲಿಲ್ಲ, ಕಡತಗಳು ಉಳಿಯುತ್ತಿದ್ದವು. ಮಂದಾಳದೇ ಗೆರೆ ಎಲ್ಲರಿಗಿಂತ ಕೆಳಗಿತ್ತು. ಶಾಖೆಯ ಮುಖ್ಯಸ್ಥ ಪ್ರಸನ್ನ ನಾಡಗೌಡರು ಕೆಟ್ಟವರಲ್ಲ, ಆದರೆ ಲೆಕ್ಕದ ಮನುಷ್ಯ. ಸಲಿಗೆ ಕೊಟ್ಟದ್ದು ಹೆಚ್ಚಾಯಿತು, ಜನ ಮನೆಯ ಕೆಲಸದಲ್ಲೇ ಜೀವ ತೇದು ಇಲ್ಲಿಗೆ ಬರಿ ಮೈ ತರುತ್ತಿದ್ದಾರೆ ಎಂದರು. ದಸರೆಯೊಳಗೆ ಸರಿಹೋಗದಿದ್ದರೆ ಮಕ್ಕಳಿರುವವರೆಲ್ಲ ಮತ್ತೆ ಇಡೀ ದಿನ ಕೂರಬೇಕು, ಅದೂ ಹಳೆಯ ಹತ್ತರಿಂದ ಐದು ಅಲ್ಲ, ಹತ್ತರಿಂದ ಏಳು ಎಂದು ಹೇಳಿಬಿಟ್ಟರು. ಏಳಕ್ಕೆ ಕಚೇರಿ ಬಿಟ್ಟರೆ ಮನೆ ಮುಟ್ಟುವಷ್ಟರಲ್ಲಿ ತುಂಗಾ ನಿದ್ದೆಗೆ ಜಾರಿರುತ್ತಾಳೆ.

ನಾಗರ ಪಂಚಮಿಯ ರಜೆ ಬಂತು. ಹಿತ್ತಿಲ ಬೇವಿನ ಮರಕ್ಕೆ ಈರಣ್ಣ ಜೋಕಾಲಿ ಕಟ್ಟಿದ. ಸಂಜೆ ಮಂದಾ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಳ್ಳುಂಡಿ ತಿನ್ನಿಸುತ್ತ, ಕಿವಿಯ ಬಳಿ ಏನೇನೋ ಹೇಳುತ್ತ ಜೀಕಿದಳು. ಪಾಠ ಗೀಠ ಏನೂ ಅಲ್ಲ, ಬರೀ ಚೆಲ್ಲಾಟ. ಕೂದಲಲ್ಲಿದ್ದ ಪಟ್ಟಿಯನ್ನು ತೆಗೆಯುವುದು ಮರೆತೇಹೋಗಿತ್ತು. ಅವಳೊಬ್ಬಳದೇ ಅಲ್ಲ, ಎಷ್ಟೋ ಜನರದ್ದು ಹಾಗೇ ಆಗಿತ್ತು. ಹಾಕಿ ಹಾಕಿ ಅದು ಕೈಗಡಿಯಾರದಷ್ಟು ರೂಢಿಯಾಗಿತ್ತು.

ಮರುದಿನ ಕೋಣೆಯ ಪರದೆ ನೋಡಿದವಳು ಎದ್ದು ನಿಂತಳು. ಅವಳ ಗೆರೆ ನಿನ್ನೆ ಸಂಜೆ ಜೋಕಾಲಿ ಮರದ ತುದಿ ಮುಟ್ಟಿದ ಹಾಗೆ ಏರಿತ್ತು. ಹದ ತಿರುಗಿ ಬಂತು ಎಂದುಕೊಂಡಳು. ಆಮೇಲೆ ಶಾಹೀನಳ ಗೆರೆ ನೋಡಿದಳು. ಶಾಹೀನಳ ಹದದ ಹೊತ್ತು ರಾತ್ರಿ ಎಂಟು. ನಿನ್ನೆ ಅವಳ ಗೆರೆ ಏರಿದ್ದು ಮಟಮಟ ಮಧ್ಯಾಹ್ನ. ಇನ್ನೊಬ್ಬರದು ಬೆಳಿಗ್ಗೆ. ಮಕ್ಕಳಿದ್ದವರೆಲ್ಲರ ಹದವೂ ನಿನ್ನೆ ಒಂದೇ ದಿನ ಜಾಗ ಬದಲಿಸಿ ಕೂತಿತ್ತು. ಗಡಿಯಾರಕ್ಕೆ ಅಂಟಿದ ವಸ್ತು ಹಾಗೆ ಅತ್ತಿತ್ತ ಓಡಾಡುತ್ತದೆಯೇ? ಮಂದಾ ನೇರ ಶಾಹೀನಳ ಬಳಿ ಹೋಗಿ, ನಿನ್ನೆ ಮಧ್ಯಾಹ್ನ ಏನು ಮಾಡುತ್ತಿದ್ದೆ ಎಂದು ಕೇಳಿದಳು.

"ಅದನ್ನ ಕೇಳಂಗಿಲ್ಲ ಅಂತ ಮಾತು ಕೊಟ್ಟಾಕಿ ನೀನ ಅಲ್ಲೇನವಾ," ಎಂದಳು ಶಾಹೀನ್, ಹುಬ್ಬು ಗಂಟಿಕ್ಕಿ. ಆಮೇಲೆ ಮಂದಾಳ ಮುಖ ನೋಡಿ ಮೆತ್ತಗಾಗಿ ಹೇಳಿದಳು: ಅವಳಿ ಹುಡುಗರಿಬ್ಬರಿಗೂ ರಜೆ, ಅವರನ್ನು ಬಚ್ಚಲಲ್ಲಿ ಹಾಕಿಕೊಂಡು ತಲೆ ತೊಳೆಯುತ್ತಿದ್ದಳು. ಬಾಕಿ ದಿನ ಆ ಹುಡುಗರು ಅವಳ ಮೈಮೇಲೆ ಬಿದ್ದು ಮಾತಾಡುವುದು ರಾತ್ರಿ ಊಟವಾದ ಮೇಲೆ, ಎಂಟಕ್ಕೆ. ಅಂದರೆ ಮಾತಾಡುತ್ತಿದ್ದುದು. ಈಗ ಎಂಟಕ್ಕೆ ಅವಳು ಕಚೇರಿಯಲ್ಲಿರುತ್ತಾಳಲ್ಲ.

ಮಂದಾ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಹದ ಗಡಿಯಾರದಲ್ಲಿರಲಿಲ್ಲ, ಮಕ್ಕಳಲ್ಲಿತ್ತು. ಅಳತೆ ವಾರದಲ್ಲಿ ಪಟ್ಟಿ ಕಂಡದ್ದು ತಾಯಿಯ ಮನಸ್ಸು ಮಗುವಿನ ಮೇಲೆ ನೆಟ್ಟ ಹೊತ್ತನ್ನು. ಮಗುವೂ ಆ ಹೊತ್ತಿಗೆ ತಾಯಿಯ ಮೇಲೆ ಅಷ್ಟೇ ನೆಟ್ಟಿರುತ್ತಿತ್ತು. ಒಬ್ಬರ ಹದ ಇನ್ನೊಬ್ಬರನ್ನು ಹದಕ್ಕೆ ತರುತ್ತಿತ್ತು. ಪಕ್ಕದಲ್ಲಿ ಯಾರಿದ್ದರು ಎಂಬುದು ಯಂತ್ರಕ್ಕೆ ಗೊತ್ತಿರಲಿಲ್ಲ, ಯಾಕೆಂದರೆ ಅದನ್ನು ತಿಳಿಸಬಾರದು ಎಂದು ಮಂದಾಳೇ ಹಟ ಹಿಡಿದಿದ್ದಳು. ಯಂತ್ರ ಪಾಪ, ಹೊತ್ತು ಮಾತ್ರ ನೋಡಿ, ಒಬ್ಬೊಬ್ಬ ತಾಯಿಯಿಂದಲೂ ತಂದೆಯಿಂದಲೂ ಸರಿಯಾಗಿ ಆ ಹೊತ್ತನ್ನೇ ಕಿತ್ತು ಕಚೇರಿಗೆ ತಂದಿತ್ತು. ಇಲ್ಲಿ ಮಗುವಿಲ್ಲ, ಹಾಗಾಗಿ ಹದ ಬರಲಿಲ್ಲ. ಮನೆಯಲ್ಲಿ ತಾಯಿಯಿಲ್ಲ, ಹಾಗಾಗಿ ಅಲ್ಲೂ ಬರಲಿಲ್ಲ.

ನಾಡಗೌಡರು ಎಲ್ಲವನ್ನೂ ಕೇಳಿದರು. ಚುರುಕು ಮನುಷ್ಯ, ಅರ್ಧ ಹೇಳುವಷ್ಟರಲ್ಲಿ ಅವರಿಗೆ ಅರ್ಥವಾಯಿತು. ಮುಖ ಅರಳಿತು. ಆ ಅರಳಿದ ಮುಖ ನೋಡಿ ಮಂದಾ, ಬದುಕಿದೆ ಎಂದುಕೊಂಡಳು.

"ಹಂಗಾದ್ರ ಮಗುವಿನ ದನಿ ಕಿವಿಯಾಗ ಇಟ್ರಾತಲ್ಲ," ಎಂದರು ನಾಡಗೌಡರು. "ಹದ ತಾನ ಬರತೈತಿ. ಮೊದಲ ನಿಮ್ಮಿಂದನ ಶುರು ಮಾಡೂಣು."

ಮಂದಾ ಬೇಡವೆನ್ನಲಿಲ್ಲ. ಹತ್ತರಿಂದ ಏಳು ಎಂಬ ಮಾತು ತಲೆಯ ಮೇಲೆ ತೂಗುತ್ತಿತ್ತು. ಬೇಸಿಗೆಯಲ್ಲಿ ಈರಣ್ಣ ಫೋನಿನಲ್ಲಿ ಹಿಡಿದಿದ್ದ ಒಂದು ತುಣುಕು ಅವಳ ಬಳಿ ಇತ್ತು: ಆಟದ ನಡುವೆ ತುಂಗಾ ತಾನಾಗಿಯೇ ತಿರುಗಿ, "ಅವ್ವಾ, ಬಾ" ಎಂದದ್ದು. ಎರಡು ಪದ ಕೂಡಿಸಿ ಅವಳು ಆಡಿದ ಮೊದಲ ಮಾತು ಅದು. ಸಂಜೆ ಆರಕ್ಕೆ ಮಂದಾ ಅದನ್ನು ಕಿವಿಗೆ ಹಾಕಿಕೊಂಡು ಕಡತ ತೆರೆದಳು. ಆಗಾಗ ದನಿ ಬಂತು. ಅವ್ವಾ, ಬಾ. ಅವಳ ಗೆರೆ ಸರಸರ ಏರಿತು. ಒಂದು ವಾರದಲ್ಲಿ ಅವಳು ಮುಗಿಸಿದಷ್ಟು ಕಡತವನ್ನು ಆ ಶಾಖೆಯಲ್ಲಿ ಯಾರೂ ಮುಗಿಸಿರಲಿಲ್ಲ. ನಾಡಗೌಡರು ಎಲ್ಲರೂ ಮನೆಯಿಂದ ಮಕ್ಕಳ ದನಿ ತರಬೇಕು ಎಂದು ಸುತ್ತೋಲೆ ತಯಾರು ಮಾಡಿಸತೊಡಗಿದರು. ಮಂದಾಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಆ ವಾರದ ಕೊನೆಗೆ ವತ್ಸಲಾ ಟೀಚರ್ ತುಂಗಾಳನ್ನು ಪರೀಕ್ಷೆ ಮಾಡಿದರು. ಬೆನ್ನ ಹಿಂದೆ ಡಬ್ಬಿ ಬಡಿದರು, ಹೆಸರು ಕರೆದರು, ಹಸು, ಬಸ್ಸು, ಹೂವು ಎಂದರು. ತುಂಗಾ ಗೊಂಬೆಯ ಕಾಲು ತಿರುಚುತ್ತ ಕೂತಿದ್ದಳು. ಒಮ್ಮೆ ಕೈ ಎತ್ತಿ, ತಲೆಯ ಬಿಲ್ಲೆಯನ್ನು ತಾನೇ ಕಿತ್ತು ಮಡಿಲಲ್ಲಿ ಇಟ್ಟುಕೊಂಡಳು. ಈರಣ್ಣ ಆಗ ಬಾಯಿಬಿಟ್ಟ. ಸಂಜೆ ಹೊತ್ತು ಹೀಗೇ ಮಾಡುತ್ತಾಳೆ, ಬಾಗಿಲ ಬಳಿ ಸ್ವಲ್ಪ ಹೊತ್ತು ಕೂರುತ್ತಾಳೆ, ಆಮೇಲೆ ಬಿಲ್ಲೆ ಕಿತ್ತು ಇಡುತ್ತಾಳೆ, ನಿನಗೆ ಹೇಳಿದರೆ ಕಚೇರಿಯಲ್ಲಿ ತಲೆ ಕೆಡಿಸಿಕೊಳ್ಳುತ್ತೀ ಎಂದು ಸುಮ್ಮನಿದ್ದೆ ಎಂದ.

ಟೀಚರ್ ಯಂತ್ರ ನೋಡಿದರು, ಸರಿಯಿತ್ತು. ಬೇಸಿಗೆಯಲ್ಲಿ ಹಿಂದಿನಿಂದ ಕರೆದರೆ ತಿರುಗುತ್ತಿದ್ದ ಮಗು ಇದು ಎಂದು ನೆನಪಿಸಿದರು.

"ಮರ್ತಿಲ್ಲ ಮಂದಾ, ಕಿವಿ ಬಳಸೂದು ಬಿಟ್ಟಾಳ," ಎಂದರು. "ಕೇಳಿಸ್ಕೊಂಡು ಆಕಿಗೆ ಏನೂ ಸಿಗವಲ್ದು. ಹಿಂಗ ಬಿಟ್ರ ಮರೀತಾಳ."

ಮಂದಾ ಎರಡೂವರೆ ತಾಸು ಕೂರಿಸುತ್ತಿದ್ದೇನಲ್ಲ ಎಂದು ವಾದ ಮಾಡಲು ಹೋದಳು. ಹೇಳುತ್ತಿರುವಾಗಲೇ ಅವಳಿಗೆ ಹೊಳೆಯಿತು: ಅದು ಆಟವಲ್ಲ, ಪಾಠ, ಮಗು ತನ್ನ ದಾರಿ ಕಾಯುವುದು ಸಂಜೆ.

ಸಂಜೆ ಎಂದಿನಂತೆ ಕಚೇರಿಗೆ ಬಂದು, ಆರಕ್ಕೆ ಕಿವಿಗೆ ಹಾಕಿಕೊಂಡಳು. ಕಡತ ತೆರೆದಳು. ಅವ್ವಾ, ಬಾ ಎಂದಿತು ದನಿ. ಗೆರೆ ಏರಿತು. ಮನೆಯಲ್ಲಿ ಮಗಳು ಆಡುವುದನ್ನೇ ಬಿಟ್ಟ ಮಾತು ಇಲ್ಲಿ ದಿನಾ ದುಡಿಯುತ್ತಿದೆ ಎಂಬುದು ಆಗ ಅವಳಿಗೆ ತಟ್ಟಿತು. ಮೈಯೆಲ್ಲ ಉರಿದುಹೋಯಿತು, ನಾಡಗೌಡರ ಮೇಲಲ್ಲ, ತನ್ನ ಮೇಲೆ. ಬಾ ಎಂದು ಮಗು ಕರೆಯುತ್ತಿದೆ, ತಾನು ಆ ಕರೆಯ ಬಲದಿಂದ ಯಾರದೋ ಮೂತ್ರಪಿಂಡದ ಬಿಲ್ಲು ನೋಡುತ್ತ ಕೂತಿದ್ದೇನೆ. ಕಿವಿಯಿಂದ ಅದನ್ನು ಕಿತ್ತು ಮೇಜಿನ ಮೇಲೆ ಹಾಕಿ ನಾಡಗೌಡರ ಕೋಣೆಗೆ ನಡೆದಳು.

ಅವಳು ಕೇಳಿದ್ದು ಇಷ್ಟು. ಮಕ್ಕಳಿದ್ದವರ ಹದದ ಹೊತ್ತನ್ನು ಕಂಪನಿ ಮುಟ್ಟಬಾರದು. ಉಳಿದ ದಿನದಲ್ಲಿ ಅವರಿಗೆ ಅನುಕೂಲವಾದ ಹೊತ್ತಿಗೆ ಬಂದು ಕಡತ ಮುಗಿಸಲಿ, ಮುಗಿಯಿತೋ ಇಲ್ಲವೋ ಎಂಬುದನ್ನಷ್ಟೇ ಕಂಪನಿ ನೋಡಲಿ. ಹದವಿಲ್ಲದ ಹೊತ್ತಿಗೆ ಕೂತರೆ ಕೆಲಸ ಹೇಗಾದೀತು ಎಂದು ನಾಡಗೌಡರು ನಕ್ಕರು. ಮನೆಯ ಚಿಂತೆ ಇಲ್ಲದವನು ಹದವಿಲ್ಲದೆಯೂ ಕೆಲಸ ಮಾಡಬಲ್ಲನೋ ಇಲ್ಲವೋ, ಅದನ್ನು ನಾವು ಅಳೆದೇ ಇಲ್ಲ ಎಂದಳು ಮಂದಾ. ಲೆಕ್ಕದ ಮನುಷ್ಯನಿಗೆ ಅಳೆದಿಲ್ಲ ಎಂಬ ಮಾತು ನಾಟಿತು. ಒಂದು ವಾರ ನೋಡೋಣ ಎಂದರು. ಶನಿವಾರ ಸಂಜೆ ಮುಗಿದ ಕಡತಗಳ ಲೆಕ್ಕ ಬರುತ್ತದೆ. ಏರದಿದ್ದರೆ ಎಲ್ಲರೂ ಹತ್ತರಿಂದ ಏಳು, ಮಂದಾ ವೇಳಾಪಟ್ಟಿಯ ಕೋಣೆ ಬಿಟ್ಟು ಹಳೆಯ ಕಡತ ಜೋಡಿಸುವ ವಿಭಾಗಕ್ಕೆ. ಇನ್ನೊಂದು ಷರತ್ತು: ಮನೆಯಲ್ಲಿ ಆ ಹೊತ್ತಿಗೆ ಪಟ್ಟಿ ಹಾಕಿಕೊಂಡಿರಬೇಕು, ಪುರಾವೆ ಬೇಕಲ್ಲ.

"ಅದೊಂದು ಆಗೂದಿಲ್ರಿ ಸರ್," ಎಂದಳು ಮಂದಾ. "ಕೆಲಸ ಎಷ್ಟ್ ಬೇಕಾದ್ರ ಅಳೀರಿ. ಆ ಹೊತ್ತು ಮಾತ್ರ ನನ್ನ ಮಗಳದು."

ಪಟ್ಟಿಯ ಮಾತಿಗೆ ನಾಡಗೌಡರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ, ಶನಿವಾರ ಫೋನ್ ಮಾಡುತ್ತೇನೆ ಎಂದರು.

ಹೊಸ ವೇಳಾಪಟ್ಟಿಯ ಮೊದಲ ಸಂಜೆ ಮಂದಾ ಪಟ್ಟಿ ಬಿಚ್ಚಿಟ್ಟು ಮಗಳ ಪಕ್ಕ ಕೂತಳು. ಈಗೇನು ಎಲ್ಲ ಸರಿಹೋಯಿತು ಎಂದುಕೊಂಡರೆ ಅದು ನಮ್ಮ ಭ್ರಮೆ. ತುಂಗಾ ಅವಳ ಕಡೆ ನೋಡಲೇ ಇಲ್ಲ. ಅವ್ವ ಈ ಹೊತ್ತಿಗೆ ಇರುವವಳಲ್ಲ ಎಂದು ಅವಳಾಗಲೇ ಕಲಿತುಬಿಟ್ಟಿದ್ದಳು. ಬಿಲ್ಲೆ ಅಂಟಿಸಿದರೆ ಕಿತ್ತಳು. ಮರುದಿನವೂ ಕಿತ್ತಳು. ಮಂದಾ ಮತ್ತೆ ಅಂಟಿಸಲು ಹೋಗಲಿಲ್ಲ. ಹತ್ತಿರ ಕೂತು ಅವಲಕ್ಕಿ ಆರಿಸಿದಳು, ಗೊಂಬೆಗೆ ಜಡೆ ಹಾಕಿದಳು. ವಾರದ ನಡುವೆ ತುಂಗಾ ಬಂದು ತೊಡೆಗೆ ಒರಗಿದಳು. ಶುಕ್ರವಾರ ಬಿಲ್ಲೆಯನ್ನು ತಂದು ಅವ್ವನ ಕೈಯಲ್ಲಿಟ್ಟಳು. ಮಂದಾ ಅದನ್ನು ಅಂಟಿಸಿದಳು, ಅವಳು ಕೀಳಲಿಲ್ಲ. ಆದರೆ ಹಿಂದಿನಿಂದ ಕರೆದರೆ ತಿರುಗಲಿಲ್ಲ.

ಶನಿವಾರ ಈರಣ್ಣ ಕೂತಲ್ಲಿ ಕೂರುತ್ತಿರಲಿಲ್ಲ. ಫೋನು ಬಂತಾ ಎಂದು ಮೂರು ಸಲ ಕೇಳಿದ. ಫೋನು ಅಡುಗೆಮನೆಯ ಗೂಡಿನಲ್ಲಿತ್ತು, ಮಂದಾಳೇ ಬೇಕೆಂದು ದೂರ ಇಟ್ಟಿದ್ದಳು. ಪಡಸಾಲೆಯಲ್ಲಿ ತುಂಗಾ ಅಡುಗೆಮನೆಗೆ ಬೆನ್ನು ಹಾಕಿ ಕೂತು ಬಟ್ಟಲಿಗೆ ಹುಣಸೆ ಬೀಜ ತುಂಬುತ್ತಿದ್ದಳು. ಮಂದಾ ಸೆರಗು ಅಡ್ಡ ಹಿಡಿದು ಒಂದೊಂದು ಬೀಜಕ್ಕೂ ಒಂದೊಂದು ಹೆಸರಿಡುತ್ತಿದ್ದಳು.

ಒಳಗೆ ಫೋನು ಬಡಿದುಕೊಂಡಿತು.

ಈರಣ್ಣ ಎದ್ದ. ಅಷ್ಟರಲ್ಲಿ ತುಂಗಾಳ ಕೈ ಬಟ್ಟಲ ಮೇಲೆ ನಿಂತಿತು. ತಲೆ ಎತ್ತಿದಳು. ಬಾಗಿಲ ಕಡೆ ನೋಡಿದಳು, ಅಲ್ಲ ಅನ್ನಿಸಿತೇನೋ, ನಿಧಾನವಾಗಿ ಹಿಂದಕ್ಕೆ ತಿರುಗಿ ಅಡುಗೆಮನೆಯ ಕಡೆ ನೋಡಿದಳು. ಆಮೇಲೆ ಬೆರಳು ಚಾಚಿದಳು.

ಮಂದಾ ಈರಣ್ಣನ ಪಂಚೆಯ ಚುಂಗು ಹಿಡಿದು ಅಲ್ಲೇ ನಿಲ್ಲಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿ ಮಗಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಲೆಕ್ಕ ಏರಿತ್ತೋ ಇಳಿದಿತ್ತೋ, ತನ್ನ ಕುರ್ಚಿ ಉಳಿದಿತ್ತೋ ಹೋಗಿತ್ತೋ, ಶಾಹೀನಳ ರಾತ್ರಿ, ಎಲ್ಲರ ಸಂಜೆ, ಎಲ್ಲವೂ ಆ ಫೋನಿನೊಳಗೆ ಇತ್ತು. ಎತ್ತಿದರೆ ಸದ್ದು ನಿಲ್ಲುತ್ತದೆ.

"ನಾಡಗೌಡ್ರು ಇರಬೇಕು," ಎಂದು ಈರಣ್ಣ ಪಿಸುಗುಟ್ಟಿದ. ಜನ್ಮದಲ್ಲಿ ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ್ದ.

ಮಂದಾ ತಲೆಯಾಡಿಸಿ ಬೇಡವೆಂದಳು. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ತುಂಗಾ ಸ್ವಲ್ಪ ಹೊತ್ತು ಕಾದಳು. ಏನೂ ಕೇಳಿಸಲಿಲ್ಲ. ಅವ್ವನ ಕಡೆ ತಿರುಗಿ, ಅವಳ ಗಲ್ಲ ಹಿಡಿದು, ಬೇಸಿಗೆಯಿಂದ ಈಚೆಗೆ ಮೊದಲ ಬಾರಿ ಬಾಯಿಬಿಟ್ಟು ಒಂದು ಮಾತು ಕೇಳಿದಳು.

"ಮತ್ತ?"

ಅಡುಗೆಮನೆಯಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಮಂದಾ ಎತ್ತಲಿಲ್ಲ.